ಅವ್ವನ ಹಸಿ ಸೀರೆ

ನಮ್ಮ ಕಡೆ ನಾಟಕವೆಂದರೆ ಬಣ್ಣದ ಪರದೆ, ಏರುದನಿಯ ಮಾತು ಎಂದಿದ್ದ ಕಾಲದಲ್ಲಿ ಆ ಪರದೆ ಬಿಚ್ಚಿಸಿದವರು ನನ್ನ ಗುರುಗಳು. ರೈತರು, ಮೇಷ್ಟ್ರುಗಳು, ಅಂಗಡಿಯವರನ್ನೆಲ್ಲ ಸುತ್ತ ಕೂರಿಸಿಕೊಂಡು ಹೇಳುತ್ತಿದ್ದರು: “ಅಳೋದನ್ನ ನಟಿಸಬ್ಯಾಡ್ರಿ. ನಿಜವಾಗಿ ದುಃಖ ಬಂದಾಗ ನಿಮ್ಮ ಕೈ ಏನು ಮಾಡ್ತಿತ್ತು, ಅದನ್ನ ಮಾಡ್ರಿ.” ಅವರು ಹೋಗಿ ವರ್ಷಗಳಾದವು. ಚನ್ನಗಿರಿಯಲ್ಲಿ ನಾನು ನಡೆಸುವ ಸಣ್ಣ ತಂಡ ಇವತ್ತಿಗೂ ಆ ಮಾತಿನ ಮೇಲೇ ನಿಂತಿದೆ.

ಹೋದ ವರ್ಷ ತ್ಯಾವಣಿಗೆಯಿಂದ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ತಂಡ ಸೇರಿದಳು. ತಾಯಿ ಸತ್ತ ಸುದ್ದಿ ಕೇಳುವ ಮಗಳ ಪಾತ್ರ ಅವಳದು. ಎಷ್ಟು ತಾಲೀಮು ಮಾಡಿದರೂ ಅಳು ಸುಳ್ಳೆನಿಸುತ್ತಿತ್ತು. ಅವಳ ಸ್ವಂತ ತಾಯಿ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ಅದು ಗೊತ್ತಿದ್ದೇ ಕೇಳಿದೆ.

“ಆವತ್ತು ನೀನು ಏನು ಮಾಡಿದೆ?”

“ಬೆಳಿಗ್ಗೆ ಅವ್ವನೇ ಒಗೆದು ಹಾಕಿದ್ದ ಸೀರೆ ತಂತಿ ಮ್ಯಾಲಿತ್ತು ಅಕ್ಕಾ. ಇನ್ನೂ ಹಸಿ ಇತ್ತು. ತೆಗೆದು ಮಡಚಿದೆ.”

“ಅದನ್ನೇ ಮಾಡು” ಅಂದೆ.

ಚನ್ನಗಿರಿಯಲ್ಲಿ ಆ ದೃಶ್ಯಕ್ಕೆ ಜನ ಉಸಿರು ಬಿಗಿಹಿಡಿದು ಕೂತರು. ನಾನು ನೋಡುತ್ತಿದ್ದದ್ದು ಜನರ ಮುಖವನ್ನು, ಅವಳದನ್ನಲ್ಲ. ಹೊನ್ನಾಳಿಯಲ್ಲಿ, ಇನ್ನೂ ನಿಧಾನ ಮಡಚು ಅಂದೆ. ನ್ಯಾಮತಿಯಲ್ಲಿ, ಬೆಳಕಿನ ಕಡೆ ತಿರುಗು ಅಂದೆ. ಹೇಳಿದ್ದನ್ನೆಲ್ಲ ಮಾಡಿದಳು.

ಜಗಳೂರಿನಲ್ಲಿ ಪ್ರದರ್ಶನ ಮುಗಿದು ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಹೇಳಿದಳು: “ಮೊನ್ನೆ ಮನ್ಯಾಗೆ ಅವ್ವನ ಸೀರೆ ಮಡಚಾಕೆ ಹೋದೆ ಅಕ್ಕಾ. ಬೆಳಕು ಯಾವ ಕಡೆ ಐತೆ ಅಂತ ನೋಡಿದೆ. ಅವ್ವ ನೆನಪಾಗ್ಲೇ ಇಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

“ಆ ದೃಶ್ಯ ತೆಗೆದುಬಿಡೋಣ.”

“ತೆಗೆದ್ರೆ ಹಿಂದಿನಂಗೆ ನೆನಪಾಗ್ತಾಳೇನು? ಇರ್ಲಿ ಬಿಡ್ರಿ. ಜನಕ್ಕೆ ಅದೇ ಇಷ್ಟ.”

ಒಪ್ಪಿಕೊಂಡ ಪ್ರದರ್ಶನಗಳನ್ನೆಲ್ಲ ಮುಗಿಸಿದಳು. ಆಮೇಲೆ ಹೊಲಿಗೆ ಕೆಲಸ ಜಾಸ್ತಿ ಐತೆ ಎಂದು ಬರುವುದು ಬಿಟ್ಟಳು. ಒಮ್ಮೆ ತ್ಯಾವಣಿಗೆಗೆ ಹೋದೆ. ಚಹಾ ಕೊಟ್ಟಳು, ಅದೂ ಇದೂ ಮಾತಾಡಿದಳು. ನಾಟಕದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯಿತು ಎನ್ನಲು ಹೋದವಳು ರವಿಕೆಯೊಂದರ ಅಳತೆ ಕೊಟ್ಟು ಬಂದೆ.

ಈಗ ನ್ಯಾಮತಿಯವರಿಗೆ ಹೊಸ ನಾಟಕ ಕಲಿಸುತ್ತಿದ್ದೇನೆ. ಹೆಂಡತಿಯನ್ನು ಕಳೆದುಕೊಂಡ ನಿವೃತ್ತ ಮೇಷ್ಟ್ರೊಬ್ಬರು ಮೊನ್ನೆ ಕೇಳಿದರು: “ಮೇಡಂ, ಇಲ್ಲಿ ದುಃಖ ಹೆಂಗೆ ತೋರಿಸ್ಬೇಕು?”

ಹೊರಗೆ ಹೋಗಿ ನೀರು ಕುಡಿದೆ. ಬೇರೆ ದಾರಿ ಯೋಚಿಸಿದೆ. ಗುರುಗಳು ನನಗೆ ಬೇರೆ ಕಲಿಸಿರಲಿಲ್ಲ; ನಾನಾಗಿ ಕಲಿತಿರಲೂ ಇಲ್ಲ. ಒಳಗೆ ಬಂದು ಅವಳನ್ನು ಕೇಳಿದ್ದನ್ನೇ ಇವರನ್ನೂ ಕೇಳಿದೆ, ಸ್ವಲ್ಪ ಮೆತ್ತಗೆ.