ಏನಿಲ್ರಿ ಅಂದವರ ಮುಖ

ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂರುತ್ತಿದ್ದರು ಸಿಸ್ಟರ್. ಕುಡಿಯುವುದು ಕಡಿಮೆ, ಕೈ ಕಾಯಿಸಿಕೊಳ್ಳುವುದೇ ಹೆಚ್ಚು. “ತಣ್ಣನ ಕೈ ಇಟ್ರ ಹೊಟ್ಟಿ ಮುದುಡತೈತ್ರಿ, ಆಮ್ಯಾಲ ಅದು ಏನೂ ಹೇಳಂಗಿಲ್ಲ” ಎನ್ನುತ್ತಿದ್ದರು. ಅಕ್ಕಿಆಲೂರಿನ ಹತ್ತಿರದ ಸಣ್ಣ ಆಸ್ಪತ್ರೆಯೊಂದರಲ್ಲಿ ಅವರು ಹಳೆಯ ನರ್ಸು, ನಾನು ಹೊಸ ಡಾಕ್ಟರು.

ನನ್ನ ಜಂಬಕ್ಕೇನೂ ಕೊರತೆ ಇರಲಿಲ್ಲ. ಹೊಟ್ಟೆ ಒತ್ತಿ ನೋಡುವುದನ್ನು ನಾವು ಕಾಲೇಜಿನಲ್ಲಿ ಕಲಿತದ್ದು ವಿಆರ್ ಕನ್ನಡಕ ಹಾಕಿಕೊಂಡು. ಕಣ್ಣೆದುರು ಮಂಚ, ಅದರ ಮೇಲೆ ಕಂಪ್ಯೂಟರಿನ ರೋಗಿ. ಸರಿಯಾದ ಜಾಗ ಒತ್ತಿದರೆ ಕೈಯ ಪಕ್ಕ ಹಸಿರು ದೀಪ. ನನಗೆ ಪ್ರತಿ ಸಲವೂ ಪೂರ್ತಿ ಅಂಕ.

ಭತ್ತದ ನಾಟಿಯ ದಿನಗಳು. ನಿನ್ನೆಯಿಂದ ಉಂಡಿಲ್ಲ ಎಂದು ಒಬ್ಬ ಹೆಣ್ಣುಮಗಳನ್ನು ಅವಳ ನಾದಿನಿ ಗದ್ದೆಯಿಂದಲೇ ಎಳೆದು ತಂದಿದ್ದಳು. ಹೊಟ್ಟೆ ಒತ್ತಿ, ನೋವಿದೆಯಾ ಎಂದು ಕೇಳಿದೆ. “ಏನಿಲ್ರಿ.” ಇನ್ನೊಂದು ಕಡೆ ಒತ್ತಿದೆ. “ಏನಿಲ್ರಿ.” ಗ್ಯಾಸಿನ ಗುಳಿಗೆ ಬರೆಯಲು ಪೆನ್ನು ತೆಗೆದೆ.

ಸಿಸ್ಟರ್ ಕಿವಿಯ ಹತ್ತಿರ ಬಂದರು. “ಮೇಡಂ, ನೀವು ನಿಮ್ಮ ಕೈ ನೋಡಾಕತ್ತೀರಿ. ಅಕಿ ಮಾರಿ ನೋಡ್ರಿ. ನಮ್ಮ ಕಡೆ ಹೆಣ್ಮಕ್ಕಳು ಹಡಿಯುವಾಗಷ್ಟ ನೋವಂತಾರ.”

ಮುಖ ನೋಡುತ್ತ ಮತ್ತೆ ಒತ್ತಿದೆ. ಬಲಗಡೆ ಕೆಳಗೆ ಬೆರಳು ಹೋದದ್ದೇ ತಡ, ಅವಳ ಹುಬ್ಬು ಬಿಗಿಯಿತು, ಕಾಲುಂಗುರದ ಬೆರಳುಗಳು ಮುದುಡಿದವು. ಬಾಯಿ ಮಾತ್ರ “ಏನಿಲ್ರಿ” ಎಂದೇ ಹೇಳಿತು. ಅಪೆಂಡಿಕ್ಸ್. ಹಾವೇರಿಗೆ ಕಳಿಸಿದೆವು, ಅಂದೇ ಸಂಜೆ ಆಪರೇಷನ್ ಆಯಿತು. ಇನ್ನೊಂದು ದಿನ ತಡವಾಗಿದ್ದರೆ ಒಡೆಯುತ್ತಿತ್ತಂತೆ. ನಾನು ನಾಚಿಕೆಯಿಂದ ಕುಗ್ಗಿಹೋದೆ. ಸಿಸ್ಟರ್ ಬೈಯಲಿಲ್ಲ, “ಚಹಾ ಕುಡೀರಿ” ಅಂದರು.

ಈಗ ಕಾಲೇಜಿನಲ್ಲಿ ಆ ಕನ್ನಡಕದ ಪಾಠ ಹೇಳುವವಳು ನಾನೇ. ಯಂತ್ರವನ್ನು ಬೈಯುವವರ ಗುಂಪಿಗೆ ನಾನು ಸೇರುವುದಿಲ್ಲ. ಅದರೊಳಗೆ ಹುಡುಗರು ನೂರು ಸಲ ತಪ್ಪಲಿ, ಯಾರ ಜೀವಕ್ಕೂ ಕುತ್ತಿಲ್ಲ. ಅದಕ್ಕೊಂದು ಮುಖ ಬೇಕಿತ್ತು, ಅಷ್ಟೇ. ಪಾಠಕ್ಕೆ ಸೇರಿದ ವರ್ಷವೇ ಸಿಸ್ಟರನ್ನು ಕಾಲೇಜಿಗೆ ಕರೆಸಿದೆ. ಕನ್ನಡಕ ಹಾಕಿಕೊಂಡವರೇ ಅಂಗೈ ತಿಕ್ಕಿಕೊಂಡು, “ಸ್ವಲ್ಪ ಮುಟ್ಟತೇನವ್ವ” ಎಂದು ಗಾಳಿಗೆ ಹೇಳಿದರು. ಹುಡುಗರು ಕಿಸಕ್ಕೆಂದರು. ಸಿಸ್ಟರ್ ನಗಲಿಲ್ಲ. “ಇಕಿ ಮಾರಿ ಗೋಡಿ ಆಗೈತಲ್ರಿ ಮೇಡಂ!”

ಹುಬ್ಬು ಬಿಗಿಯುವ, ಕಾಲ್ಬೆರಳು ಮುದುಡುವ ಹೊಸ ರೋಗಿಯನ್ನು ಮಾಡಿಸಿದೆವು. ಹಸಿರು ದೀಪ ತೆಗೆಸಿದೆ. ರೋಗಿಯ ದನಿಗೆ ಸಿಸ್ಟರ್ ಅವರ ದನಿಯನ್ನೇ ರೆಕಾರ್ಡ್ ಮಾಡಿಕೊಂಡೆವು.

ಕಳೆದ ವರ್ಷ ಫೋನಿನಲ್ಲಿ ಆ ದನಿ ಸೋತಂತೆ ಕೇಳಿತು. ವಿಚಾರಿಸಿದೆ. “ಏನಿಲ್ರಿ ಮೇಡಂ, ಆರಾಮ ಅದೇನಿ.” ನಂಬಿಬಿಟ್ಟೆ. ಮುಖ ಕಂಡಿದ್ದರೆ ನಂಬುತ್ತಿರಲಿಲ್ಲ. ತಿಂಗಳೊಳಗೆ ಹೋಗಿಬಿಟ್ಟರು.

ನಿನ್ನೆ ಹೊಸ ಬ್ಯಾಚಿನ ಹುಡುಗಿಯೊಬ್ಬಳು ಕನ್ನಡಕ ಹಾಕಿಕೊಂಡೇ ಕೂಗಿದಳು: “ಮೇಡಂ, ಪೇಷಂಟ್ ನೋವಿಲ್ಲ ಅಂತಾರೆ. ಮುಗಿಸಲಾ?” ಸ್ಪೀಕರಿನಲ್ಲಿ ಸಿಸ್ಟರ್ ಮತ್ತೊಮ್ಮೆ “ಏನಿಲ್ರಿ” ಅಂದರು.

“ಮುಗಿಸಬ್ಯಾಡ” ಅಂದೆ. “ಅವರ ಮಾರಿ ನೋಡು.”