ಟಾರ್ಪಾಲು ಹೊದ್ದ ಕಲ್ಲು

ಮುರಕಲ್ಲಿಗೆ ಬಿಸಿಲು ಬೇಕು. ನೆಲದಿಂದ ಕೊಯ್ದು ತೆಗೆಯುವಾಗ ಅದು ಮೆತ್ತಗಿರುತ್ತದೆ. ಗಾಳಿ, ಬಿಸಿಲು ತಾಗಿದಷ್ಟೂ ಗಟ್ಟಿಯಾಗುತ್ತದೆ. ನಮ್ಮ ಕಡೆ ಮನೆ ಕಟ್ಟಿದವರಿಗೆಲ್ಲ ಇದು ಗೊತ್ತು. ಹಾಗಾಗಿ, ಮಾರ್ಚ್ ತಿಂಗಳ ಒಂದು ಶನಿವಾರ, ಕಾರ್ಕಳದಿಂದ ನಿಟ್ಟೆಗೆ ಹೋಗುವ ದಾರಿಯ ಬದಿಯ ಒಂದು ಗುಡ್ಡದಲ್ಲಿ, ಆಗಷ್ಟೇ ಕೊಯ್ದ ಕಲ್ಲಿನ ಮೈಗೆ ನೀಲಿ ಟಾರ್ಪಾಲು ಹೊದಿಸಿದ್ದನ್ನು ಕಂಡಾಗ ನಾನು ನಿಂತಲ್ಲೇ ನಿಂತೆ. ಆ ಮೇಲೆ ನಡೆದದ್ದನ್ನು ಹಲವರು ಹಲವು ರೀತಿಯಲ್ಲಿ ಹೇಳಿದ್ದಾರೆ. ನಾನು ನೋಡಿದ್ದನ್ನು, ನೋಡಿದ ಕ್ರಮದಲ್ಲಿ, ಬರೆಯುತ್ತೇನೆ.

ನಾನು ಕಟಪಾಡಿಯವಳು. ದಿನವೂ ಬಸ್ಸು ಹತ್ತಿ ಉಡುಪಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಐದು ವರ್ಷ ಆರ್ಕಿಟೆಕ್ಚರ್ ಓದಿದೆ. ಎರಡನೇ ವರ್ಷದಲ್ಲಿ ಇಳಿಜಾರಿನ ಜಾಗದಲ್ಲಿ ಒಂದು ವಾಚನಾಲಯ ವಿನ್ಯಾಸ ಮಾಡಲು ಕೊಟ್ಟಿದ್ದರು. ಗುಡ್ಡವನ್ನು ನಾವು ರಟ್ಟಿನ ಪದರಗಳಿಂದ ಮಾಡುತ್ತಿದ್ದೆವು. ನನ್ನ ಕಟ್ಟಡಕ್ಕೆ ಅಡ್ಡ ಬಂದ ಪದರಗಳನ್ನು ಬ್ಲೇಡಿನಿಂದ ನೆಟ್ಟಗೆ ಕತ್ತರಿಸಿ ತೆಗೆದುಬಿಟ್ಟೆ. ಮೌಲ್ಯಮಾಪನಕ್ಕೆ ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಮಾಡೆಲಿನ ಸುತ್ತ ಒಂದು ಸುತ್ತು ಬಂದು, “ಇಲ್ಲಿದ್ದ ಗುಡ್ಡ ಎಲ್ಲಿಗೆ ಹೋಯಿತು?” ಎಂದು ಕೇಳಿದರು.

“ಕಸದ ಬುಟ್ಟಿಗೆ,” ಎಂದಳು ನನ್ನ ಹಿಂದೆ ನಿಂತಿದ್ದ ಗೆಳತಿ, ಮೆಲ್ಲಗೆ.

ಎಲ್ಲರೂ ನಕ್ಕರು. ಅವರೂ ನಕ್ಕರು. ನಗು ಮುಗಿದ ಮೇಲೆ, “ಮೇಲೆ ಉಳಿದದ್ದನ್ನು ಈಗ ಹಿಡಿದುಕೊಂಡದ್ದು ಯಾರು?” ಎಂದರು. ರಟ್ಟನ್ನು ಹಿಡಿದದ್ದು ಅಂಟು.

ಮೂರನೇ ವರ್ಷದ ಕೆಲಸ ಕಾಪುವಿನ ಕಡಲ ಬದಿಯದು. ಬಲೆ ಹೆಣೆಯುವವರಿಗೆ, ಮೀನು ಒಣಗಿಸುವವರಿಗೆ ಒಂದು ನೆರಳು ಬೇಕು ಎಂದು ನಾವೇ ತೀರ್ಮಾನಿಸಿಕೊಂಡು, ಪ್ರಶ್ನೆಗಳ ಹಾಳೆ ಹಿಡಿದು ಮೂವರು ಹೋದೆವು. ಮೀನು ಹರವುತ್ತಿದ್ದ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡದೆಯೇ ಕೇಳಿದರು:

“ರೆಸಾರ್ಟಿನವರಾ?”

“ಅಲ್ಲ ಅಕ್ಕ, ಕಾಲೇಜಿನವರು. ಒಂದು ಪ್ರಾಜೆಕ್ಟ್.”

“ಮೊದಲು ಪ್ರಶ್ನೆ ಕೇಳ್ಲಿಕ್ಕೆ ಬರ್ತೀರಿ. ಮತ್ತೆ ಬೇಲಿ ಹಾಕ್ಲಿಕ್ಕೆ ಬರ್ತೀರಿ.”

“ನಾವು ಪಾಸಾದ್ರೆ ಸಾಕು ಅಕ್ಕ,” ಎಂದಳು ಗೆಳತಿ ನಗುತ್ತಾ.

“ನೀನು ಪಾಸಾಗ್ಲಿಕ್ಕೆ ನಮ್ಮ ಮನೆಯಲ್ಲಿ ಎಷ್ಟು ಜನ ಅಂತ ಯಾಕೆ ಮಾರಾಯ್ತಿ?”

ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಕುಳಿತು ಉತ್ತರಗಳನ್ನು ನಾವೇ ತುಂಬಿದೆವು. ಒಳ್ಳೆಯ ಅಂಕವೂ ಬಂತು. ಆಗ ಅವರ ಸಂಶಯ ನನಗೆ ಒರಟುತನವಾಗಿ ಕಂಡಿತ್ತು.

ಓದು ಮುಗಿದ ಮೇಲೆ ಉಡುಪಿಯ ಒಂದು ಸಣ್ಣ ಆಫೀಸಿಗೆ ಸೇರಿದೆ. ನಮ್ಮ ಸರ್, ನಕ್ಷೆ ಬಿಡಿಸುವ ಇಬ್ಬರು, ಮತ್ತು ನಾನು. ಕಾರ್ಕಳದ ಆಚೆಯ ಮನೆ ನನ್ನ ಕೈಗೆ ಬಂದ ಮೊದಲ ಕೆಲಸ. ಜಾಗದ ಯಜಮಾನರು ಮಸ್ಕತ್ತಿನಲ್ಲಿದ್ದರು. ನಾನು ಅವರನ್ನು ಕಂಡದ್ದು ಫೋನಿನ ಪರದೆಯಲ್ಲಿ ಮಾತ್ರ. ಗುಡ್ಡದ ಬದಿಯನ್ನು ಕೊಯ್ದು ಸಮತಟ್ಟು ಮಾಡುವುದು, ಆ ಕಲ್ಲಿನಿಂದಲೇ ಗೋಡೆ ಕಟ್ಟುವುದು. ಜಾಗದ ಕಲ್ಲು ಜಾಗದ ಮನೆಗೆ. ನಮ್ಮಲ್ಲಿ ಇದು ಹಳೆಯ ಪದ್ಧತಿ, ಒಳ್ಳೆಯದೂ ಹೌದು, ಒಂದು ಮಿತಿಯವರೆಗೆ. ಗಟ್ಟಿ ಕಲ್ಲಿನ ಪದರದ ಕೆಳಗೆ ಶೇಡಿ ಇರುತ್ತದೆ. ಬಿಳಿ, ತಿಳಿಗುಲಾಬಿ ಬಣ್ಣದ ನಯವಾದ ಮಣ್ಣು. ಒಣಗಿದಾಗ ಕಲ್ಲಿನಂತೆಯೇ ನಿಲ್ಲುತ್ತದೆ. ನೀರು ಕುಡಿದರೆ ನಿಲ್ಲುವುದಿಲ್ಲ. ಅದಕ್ಕೇ ನಕ್ಷೆಯಲ್ಲಿ ಎರಡು ಗೆರೆ ಹಾಕಿದ್ದೆವು: ಇದಕ್ಕಿಂತ ಕೆಳಗೆ ಹೋಗಬಾರದು, ಮೇಲಿನ ಮನೆಯ ಆವರಣಕ್ಕೆ ಇದಕ್ಕಿಂತ ಹತ್ತಿರ ಹೋಗಬಾರದು.

ಮೇಲಿನ ಮನೆಯಲ್ಲಿ ಒಬ್ಬರು ಬಾಯಮ್ಮ ಇದ್ದರು. ಐವತ್ತರ ಆಸುಪಾಸಿನ ಕ್ರಿಶ್ಚಿಯನ್ ಹೆಂಗಸು, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಗಂಡ ಕಾಲೇಜಿನ ಬಸ್ಸು ಓಡಿಸಲು ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಹೊಲಿಗೆ ಮಿಷನ್ ಇದ್ದದ್ದು ಹಿಂದಿನ ಕೋಣೆಯ ಕಿಟಕಿಯ ಕೆಳಗೆ. ಆ ಕಿಟಕಿಯ ಹೊರಗೆ ಅವರ ಬಾವಿ, ಬಾವಿಯ ಆಚೆ ಆವರಣದ ಗೋಡೆ, ಗೋಡೆಯ ಆಚೆ, ಕೆಳಗೆ, ನಾವು ಗುಡ್ಡ ಕೊಯ್ದ ಜಾಗ, ನಮ್ಮ ಕೊಯ್ತ. ಹಗಲೆಲ್ಲ ಅವರು ಆ ಕಿಟಕಿಯಲ್ಲಿರುತ್ತಿದ್ದರು.

ಆ ಶನಿವಾರ ಟಾರ್ಪಾಲು ಯಾಕೆ ಎಂದು ಕಂಟ್ರಾಕ್ಟರರನ್ನು ಕೇಳಿದೆ.

“ಬಿಸಿಲಿಗೆ ಕಲ್ಲು ಬಿರಿಯಬಾರದಲ್ಲ ಮೇಡಂ.”

“ಮುರಕಲ್ಲು ಬಿಸಿಲಿಗೆ ಬಿರಿಯುತ್ತದಾ?”

“ಎಲ್ಲ ಕಲ್ಲು ಒಂದೇ ಥರ ಇರ್ತದಾ? ನೀವು ಮೇಲೆ ನೆರಳಲ್ಲಿ ಕೂತ್ಕೊಳ್ಳಿ, ಬೊಂಡ ತರಿಸ್ತೇನೆ.”

ಎಳನೀರಿನ ಉಪಚಾರ ಅದಕ್ಕೆ ಮೊದಲು ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಅವರು ಫೋನಿನಲ್ಲಿ ಮಾತಾಡುತ್ತಾ ಆಚೆ ಹೋದಾಗ ಟಾರ್ಪಾಲಿನ ಒಂದು ತುದಿ ಎತ್ತಿದೆ. ಮೇಲಿನಿಂದ ನನ್ನ ಸೊಂಟದ ಮಟ್ಟದವರೆಗೆ ಕೆಂಪು ಕಲ್ಲು. ಅದರ ಕೆಳಗೆ ಪೂರ್ತಿ ಬಿಳಿ. ಉಗುರಿನಿಂದ ಕೆರೆದೆ, ಹಿಟ್ಟಿನಂತೆ ಉದುರಿತು.

ತಲೆಯ ಮೇಲಿನಿಂದ ದನಿ ಬಂತು. ಆವರಣದ ಗೋಡೆಯ ಮೇಲೆ ಬಾಯಮ್ಮನ ಮುಖ.

“ಎಂತ, ನೋಡಿ ಆಯ್ತಾ? ನಿಮ್ಮ ಕಲ್ಲು ಕೊಯ್ಯುವ ಮಿಷನ್ ಶುರುವಾದ ಮೇಲೆ ನಮ್ಮ ಬಾವಿಯ ನೀರು ಅಕ್ಕಿ ತೊಳೆದ ಹಾಗೆ ಉಂಟು. ಅದನ್ನೂ ಬಂದು ನೋಡು.”

“ಆ ಹೆಂಗಸಿನ ಮಾತು ಕೇಳ್ಬೇಡಿ,” ಎಂದು ಕಂಟ್ರಾಕ್ಟರ್ ಓಡಿ ಬಂದರು. “ಹೋದ ವರ್ಷ ಯಜಮಾನರು ಅವರ ಜಾಗ ಕೇಳಿದ್ರು. ಆವತ್ತಿಂದ ಹೀಗೆ. ಕಾಗೆ ಕೂಗಿದ್ರೂ ನಮ್ಮದೇ ತಪ್ಪು.”

ಹೋಗಿ ನೋಡಿದೆ. ಕೊಡದಲ್ಲಿ ನೀರು ನಿಜವಾಗಿಯೂ ಬೆಳ್ಳಗಿತ್ತು. ಅದು ಬಾವಿಯ ನೀರೇ ಹೌದೋ ಎಂಬ ಸಂಶಯ ನನಗೂ ಬಂತು. ಬಾಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಹಗ್ಗ ಇಳಿಸಿ ಹೊಸ ನೀರು ಸೇದಿದರು. ಅದೂ ಹಾಗೆಯೇ ಇತ್ತು. ಶೇಡಿಯ ವಿಷಯ ಅವರಿಗೆ ಅಲ್ಲಿಯೇ ಹೇಳಿದೆ. ಅವರು ತಲೆ ಆಡಿಸಿದರು.

ಸಂಜೆ ಉಡುಪಿಗೆ ಬಂದು ಸರ್ ಹತ್ತಿರ, ಮಿತಿ ದಾಟಿ ಕೊಯ್ದಿದ್ದಾರೆ, ಕೆಳಗೆ ಶೇಡಿ ಬಂದಿದೆ ಎಂದೆ. ಅವರು ಕನ್ನಡಕ ತೆಗೆದು, “ಟಾರ್ಪಾಲು ಎತ್ತಿದ್ದು ನೀನೇಯಾ?” ಎಂದು ಕೇಳಿದರು.

ನಾನು ಆವರೆಗೆ ಟಾರ್ಪಾಲಿನ ಮಾತನ್ನೇ ಎತ್ತಿರಲಿಲ್ಲ. ನಾನು ಬಸ್ಸಿನಲ್ಲಿದ್ದಾಗ ಕಂಟ್ರಾಕ್ಟರ್ ಫೋನ್ ಮಾಡಿರಬಹುದು. ಅದಕ್ಕೂ ಮೊದಲೇ ಅವರಿಗೆ ಗೊತ್ತಿದ್ದಿರಲೂಬಹುದು. ಇವತ್ತಿಗೂ ನನಗೆ ತಿಳಿಯದು. ನನ್ನೆದುರೇ ಅವರು ಕೆಲಸ ನಿಲ್ಲಿಸಲು ಹೇಳಿದರು, ತಡೆಗೋಡೆಯ ನಕ್ಷೆ ಮಾಡಲು ಕುಳಿತರು. ಮಸ್ಕತ್ತಿಗೂ ಫೋನ್ ಮಾಡಿದರು. ಕಾರು ರಸ್ತೆಯಿಂದ ಏರಿಲ್ಲದೆ ನೇರ ಒಳಗೆ ಬರಬೇಕು ಎಂಬುದಷ್ಟೇ ಯಜಮಾನರ ಆಸೆಯಾಗಿತ್ತು. ಅದಕ್ಕಾಗಿ ಇಷ್ಟು ಆಳ.

ಮುಂದಿನ ವಾರದಿಂದ ಸರ್ ನನ್ನನ್ನು ಮಣಿಪಾಲದ ಒಂದು ಫ್ಲ್ಯಾಟಿನ ಒಳಾಂಗಣದ ಕೆಲಸಕ್ಕೆ ಹಾಕಿದರು. ಕಪಾಟಿನ ಹಿಡಿಕೆಗಳನ್ನು ಆರಿಸುತ್ತಾ ನಾನು ಕಾರ್ಕಳದ ಬಗ್ಗೆ ಕೇಳುತ್ತಿದ್ದೆ. “ನಿಂತಿದೆ, ಗೋಡೆ ಬರ್ತದೆ,” ಎನ್ನುತ್ತಿದ್ದರು. ಬರುತ್ತದೆ ಎಂದರೆ ಯಾವಾಗ ಎಂದು ಕೇಳಿದರೆ ಮಾತು ಬದಲಾಗುತ್ತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಮೊದಲ ಭಾನುವಾರ ಯಾರಿಗೂ ಹೇಳದೆ ಕಾರ್ಕಳದ ಬಸ್ಸು ಹತ್ತಿದೆ. ತಡೆಗೋಡೆ ಬಂದಿರಲಿಲ್ಲ. ಕೊಯ್ತ ನಾನು ಬಿಟ್ಟಾಗ ಇದ್ದದ್ದಕ್ಕಿಂತ ಆವರಣಕ್ಕೆ ಹತ್ತಿರವಾಗಿತ್ತೋ, ಅಥವಾ ಮಳೆಗೆ ಕರಗಿ ಹಾಗಾಗಿತ್ತೋ ಹೇಳಲಾರೆ. ಮೇಲೆ ಹೋದೆ. ಬಾವಿಯ ಕಟ್ಟೆಯಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಅಂಗಳದಲ್ಲಿ ಒಂದು ಬಿರುಕು ಇತ್ತು, ಆವರಣದ ಗೋಡೆಗೆ ಸಮನಾಗಿ. ತೆಂಗಿನ ಕಡ್ಡಿ ಇಳಿಸಿದೆ. ಪೂರ್ತಿ ಇಳಿಯಿತು.

“ಬಾಯಮ್ಮ, ಈ ಮಳೆಗಾಲ ಮುಗಿಯುವವರೆಗೆ ಬೇರೆ ಕಡೆ ಇರಿ. ನೆಂಟರ ಮನೆ ಯಾವುದಾದ್ರೂ ಉಂಟಲ್ಲ.”

ಅವರು ಬಾಗಿಲಿಗೆ ಒರಗಿ ನಿಂತಿದ್ದರು. “ಯಜಮಾನರು ಹೇಳಿ ಕಳಿಸಿದ್ರಾ?”

“ಇಲ್ಲ. ನಾನೇ ಬಂದದ್ದು.”

“ರಜೆಯ ದಿನ, ಈ ಮಳೆಯಲ್ಲಿ, ಬಸ್ಸು ಹಿಡಿದು, ನೀನೇ?” ಅವರು ನಕ್ಕರು. “ಹೋದ ವರ್ಷ ಒಬ್ಬ ಬಂದು ಮನೆ ಹಳತಾಯ್ತು ಬಾಯಮ್ಮ ಎಂದ. ಈ ವರ್ಷ ನೀನು ಬಿರುಕು ತೋರಿಸ್ತಿ. ನಾನು ಗಂಟು ಕಟ್ಟಿ ಹೊರಟ ದಿನ ಇಲ್ಲಿ ನಿಮ್ಮ ಕಾರು ನಿಲ್ತದೆ, ಅಲ್ವಾ?”

“ನಿಮ್ಮ ಹತ್ತಿರ ಸುಳ್ಳು ಹೇಳಿ ನನಗೆ ಎಂತ ಲಾಭ?”

“ಅದೇ ನನಗೆ ಗೊತ್ತಾಗದ್ದು.”

ಕೊನೆಗೆ, ಮಿಷನನ್ನಾದರೂ ಎದುರಿನ ಕೋಣೆಗೆ ತನ್ನಿ, ಆ ಕಿಟಕಿಯಲ್ಲಿ ಮಾತ್ರ ಕೂರಬೇಡಿ ಎಂದು ಬೇಡಿದೆ. ಎದುರಿನ ಕೋಣೆಯಲ್ಲಿ ಬೆಳಕಿಲ್ಲ, ಸೂಜಿಗೆ ನೂಲು ಹಾಕಲು ಕಾಣುವುದಿಲ್ಲ ಎಂದು ಹೇಳಿ ಬಾಗಿಲು ಮುಚ್ಚಿಕೊಂಡರು. ಅಲ್ಲಿಂದಲೇ ಪಂಚಾಯತಿನ ಒಬ್ಬ ಸದಸ್ಯರ ಮನೆಗೆ ಹೋದೆ. ನೋಡುತ್ತೇವೆ ಎಂದರು. ಮರುದಿನ ಬಿರುಕಿನ ಫೋಟೋ ಸರ್ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿ, “ಇದನ್ನು ಬೇರೆ ಯಾರಿಗೆ ಕಳಿಸಿದ್ದಿ?” ಎಂದು ಕೇಳಿದರು.

ಜುಲೈ ಕೊನೆಗೆ, ಆಟಿ ತಿಂಗಳ ಮಳೆಯಲ್ಲಿ, ಒಂದು ಬೆಳಿಗ್ಗೆ, ಅದು ಬಿತ್ತು. ಮಣಿಪಾಲದಲ್ಲಿದ್ದಾಗ ಕಂಟ್ರಾಕ್ಟರ್ ಕಳಿಸಿದ ವೀಡಿಯೋ ನನ್ನ ಫೋನಿಗೆ ಬಂತು. ಅದರಲ್ಲಿ ಮಣ್ಣು ಕಾಣುತ್ತಿತ್ತು, ಜನ ಕಾಣುತ್ತಿರಲಿಲ್ಲ. ಸಿಕ್ಕಿದ ಮೊದಲ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ.

ಆವರಣದ ಗೋಡೆ ಇರಲಿಲ್ಲ. ಬಾವಿ ಇದ್ದಲ್ಲಿ ಕೆಸರು. ಹಿಂದಿನ ಕೋಣೆಯ ಅರ್ಧ ಕೆಳಗೆ ಹೋಗಿತ್ತು. ಕಿಟಕಿಯ ಚೌಕಟ್ಟು ನಾವು ಮನೆ ಕಟ್ಟಬೇಕಿದ್ದ ಜಾಗದಲ್ಲಿ ಮಗುಚಿ ಬಿದ್ದಿತ್ತು. ಬಾಯಮ್ಮ ಮನೆಯ ಎದುರಿನ ಜಗಲಿಯಲ್ಲಿ ಕುಳಿತಿದ್ದರು. ಅವರ ಬೆನ್ನ ಹಿಂದೆ, ಎದುರಿನ ಕೋಣೆಯಲ್ಲಿ, ಹೊಲಿಗೆ ಮಿಷನ್. ಸೂಜಿಯ ಕೆಳಗೆ ಹಸಿರು ರವಿಕೆಯ ತೋಳು ಹಾಗೆಯೇ ಇತ್ತು.

ಗ್ರಾಮಕರಣಿಕರು ಕೊಡೆ ಹಿಡಿದು ಬರೆದುಕೊಳ್ಳುತ್ತಿದ್ದರು. ಬಾಯಮ್ಮ ನನ್ನನ್ನು ಕಂಡವರೇ ಬೆರಳು ತೋರಿಸಿದರು.

“ಇವಳನ್ನು ಕೇಳಿ. ಇವಳಿಗೆ ಮೊದಲೇ ಗೊತ್ತಿತ್ತು. ಯಾವ ಕೋಣೆ ಬೀಳ್ತದೆ ಅಂತ ಸಹ ಗೊತ್ತಿತ್ತು. ಗೊತ್ತಿಲ್ಲದೆ ಬೀಳುವುದು ಬೇರೆ, ಹೇಳಿ ಬೀಳಿಸುವುದು ಬೇರೆ.”

“ನೋಡಿ ಸ್ವಾಮಿ,” ಎಂದರು ಕಂಟ್ರಾಕ್ಟರ್ ತಟ್ಟನೆ. “ಆಫೀಸಿನ ಮೇಡಮಿಗೆ ಗೊತ್ತಿತ್ತಂತೆ. ನಮಗೆ ಒಬ್ಬರಾದ್ರೂ ಹೇಳಿದ್ರಾ?”

ನಾನು ಮಾರ್ಚಿನಿಂದ ಹೇಳತೊಡಗಿದೆ. ಟಾರ್ಪಾಲು, ಶೇಡಿ, ಬಾವಿಯ ನೀರು, ಬಿರುಕು. ಫೋಟೋಗಳನ್ನು ತೋರಿಸಿದೆ. ಗ್ರಾಮಕರಣಿಕರು ಸ್ವಲ್ಪ ಬರೆದು, ಪೆನ್ನು ನಿಲ್ಲಿಸಿ, “ನೀವು ಯಾರ ಕಡೆಯವರು?” ಎಂದರು.

“ಯಾರ ಕಡೆಯೂ ಅಲ್ಲ. ನೋಡಿದ್ದನ್ನು ಹೇಳ್ತಿದ್ದೇನೆ.”

“ಹಾಗೆ ಬರೀಲಿಕ್ಕೆ ಆಗುವುದಿಲ್ಲ ಅಮ್ಮ. ಒಂದು ಕಡೆ ಹೇಳಿ.”

ಆಮೇಲೆ ಬಾಯಮ್ಮನನ್ನು ಒಂಟಿಯಾಗಿ ಕಂಡಾಗ, ಮಿಷನ್ ಯಾವಾಗ ಎದುರಿಗೆ ತಂದಿರಿ ಎಂದು ಕೇಳಿದೆ.

“ನೀನು ಹೋದ ದಿನವೇ. ನಿನ್ನನ್ನು ನಂಬಿ ಅಲ್ಲ. ನಾನು ಹಿಂದಿನ ಕೋಣೆ ಬಿಟ್ಟರೆ ನೀವು ಎಂತ ಮಾಡ್ತೀರಿ ಅಂತ ನೋಡ್ಬೇಕಿತ್ತು. ನೋಡಿದೆ.”

ತಡೆಗೋಡೆ, ಹೊಸ ಕೋಣೆ, ಬಾವಿ ಎಲ್ಲವನ್ನೂ ಕಟ್ಟಿಸಿಕೊಡಲು ಮಸ್ಕತ್ತಿನವರು ಒಪ್ಪಿದರು. ಬಾಯಮ್ಮ ಒಂದೇ ಷರತ್ತು ಹಾಕಿದರು: ಕೆಲಸದ ಪ್ರತಿ ದಿನವೂ ನಾನು ಅಲ್ಲಿರಬೇಕು. ಸರ್ ನನ್ನನ್ನು ಕರೆದು, “ಆ ಹೆಂಗಸಿಗೆ ನಿನ್ನ ಮೇಲೆ ಅಷ್ಟು ನಂಬಿಕೆ ಹೇಗೆ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ, ನೀನು ಅವರ ಕಡೆಯವಳಾ ಎಂಬ ಇನ್ನೊಂದು ಪ್ರಶ್ನೆ ಇತ್ತು. ಮೊದಲನೆಯದನ್ನು ಬಾಯಮ್ಮನನ್ನೇ ಕೇಳಿದೆ.

“ನಂಬಿಕೆಯಾ?” ಎಂದರು. “ಮೊದಲು ಕಂಡದ್ದು ನಿನಗಲ್ವಾ? ಈಗಲೂ ನೀನೇ ನೋಡು. ನಾನು ನಿನ್ನನ್ನು ನೋಡ್ತೇನೆ.”

ಮಳೆ ನಿಂತ ಮೇಲೆ ತಡೆಗೋಡೆಯ ಅಡಿಪಾಯ ತೋಡುವಾಗ ಅವರು ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಿದ್ದರು. “ನಿಮ್ಮನ್ನು ನೋಡ್ಲಿಕ್ಕೆ ಮೇಲೆ ಒಬ್ಬರು ಮೇಡಂ, ನಮ್ಮನ್ನು ನೋಡ್ಲಿಕ್ಕೆ ಕೆಳಗೆ ನೀವು,” ಎಂದು ಕಂಟ್ರಾಕ್ಟರ್ ಗೊಣಗುತ್ತಿದ್ದರು. ಒಂದು ಮಧ್ಯಾಹ್ನ ಬಾಯಮ್ಮ ಕೂಗಿದರು: “ಅಲ್ಲಿ, ಆ ಮೂಲೆಯಲ್ಲಿ ಬಿಳಿ ಕಾಣ್ತದೆ!”

ಗುಂಡಿಗೆ ಇಳಿದು ಕೆರೆದೆ. ಗಟ್ಟಿ ಕಲ್ಲು, ಅದರ ಮೇಲೆ ಸಿಮೆಂಟಿನ ನೀರು ಒಣಗಿ ಬೆಳ್ಳಗಾಗಿತ್ತು. ಏನೂ ಇಲ್ಲ ಎಂದು ಕೂಗಿ ಹೇಳಿದೆ. ಅವರು ಚಪ್ಪಲಿ ಕಳಚಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಲ್ಲಗೆ ಕೆಳಗೆ ಇಳಿದು ಬಂದರು. ನಾನು ಕೆರೆದ ಜಾಗವನ್ನು ಬಿಟ್ಟು, ಅದರ ಪಕ್ಕದಲ್ಲಿ, ತಮ್ಮ ಉಗುರಿನಿಂದ ಕೆರೆದು ನೋಡಿದರು. ಏನೂ ಉದುರಲಿಲ್ಲ. ಕೈ ಕೊಡವಿಕೊಂಡು ಮೇಲೆ ಹತ್ತಿದರು.

ಅವರು ಹೋಗಿ ಕುರ್ಚಿಯಲ್ಲಿ ಕುಳಿತ ಮೇಲೆ, ಅವರು ಕೆರೆದ ಜಾಗವನ್ನು ನಾನೂ ಒಮ್ಮೆ ಕೆರೆದು ನೋಡಿದೆ. ಆಮೇಲೆ ಕಾಂಕ್ರೀಟು ಹಾಕಲು ಹೇಳಿದೆ.