ಹಾರದಜ್ಜಿಯ ಏಲಕ್ಕಿ ಗೆಲಾಕ್ಸಿಗಳು

2005ರ ಡಿಸೆಂಬರ್, ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹಾವೇರಿಯಲ್ಲಿ ನಮ್ಮ ಪಕ್ಕದ ಮನೆಯ ಪಡಸಾಲೆಯಲ್ಲಿ ಇದ್ದವರು ಮೂವರು: ಹಾರದಜ್ಜಿ, ಅವರ ಸೊಸೆ, ನಾನು. ಅಜ್ಜಿಯ ಬಲಗೈ ಹೆಬ್ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿತ್ತು. ಅರವತ್ತು ವರ್ಷ ಏಲಕ್ಕಿ ಹಾರ ಕಟ್ಟಿದ ಬೆರಳು ಅದು.

ನಾನು ನಿವೃತ್ತ ವಿಜ್ಞಾನ ಮಾಸ್ತರ. ಶಾಲೆಗೆ ಗೆಲಾಕ್ಸಿಗಳ ಗುಚ್ಛದ ಮಾದರಿಯೊಂದು ಬೇಕಿತ್ತು. ಬಿದಿರಿನ ಚೌಕಟ್ಟಿನಿಂದ ಏಲಕ್ಕಿಗಳನ್ನು ದಾರದಲ್ಲಿ ಇಳಿಬಿಡಬೇಕು. ದಪ್ಪನೆಯವು ನಡುವೆ ಒತ್ತಾಗಿ, ಸಣ್ಣವು ಅಂಚಿನಲ್ಲಿ ವಿರಳವಾಗಿ. ಪೆನ್ಸಿಲಿನಲ್ಲಿ ನಕ್ಷೆ ಬರೆದು, ಅಳತೆ ಗುರುತಿಸಿ ಕೊಟ್ಟಿದ್ದೆ.

ಮೊದಲ ಸಲ ಹಾರದಂತೆ ಸಾಲಾಗಿ ಕಟ್ಟಿದ್ದರು. ಬಿಚ್ಚಿಸಿದೆ.

“ಒಂದೊಂದು ಏಲಕ್ಕಿ ಅಂದ್ರ ಆಕಾಶದಾಗಿನ ಕೋಟಿ ಕೋಟಿ ಚಿಕ್ಕಿ, ಅಜ್ಜಿ.”

“ಹಂಗಾರ ಚಾದಾಗ ಹಾಕೂಮುಂದ ಹುಷಾರಿರಬೇಕ್ರಿ ಮಾಸ್ತರ.”

ಎರಡನೆಯ ಸಲ ಸುತ್ತು ಸುತ್ತಾಗಿ ಕಟ್ಟಿದರು. “ಇವು ಗಾಣದ ಎತ್ತಲ್ಲ” ಎಂದು ಮತ್ತೆ ಬಿಚ್ಚಿಸಿದೆ.

ಆ ಸೋಮವಾರ ಮೂರನೆಯ ಸಲ. ಸೊಸೆಗೆ ತಡೆಯಲಾಗಲಿಲ್ಲ.

“ಎಷ್ಟು ಸಲ ಬಿಚ್ಚಸ್ತೀರಿ? ನಮ್ಮತ್ತಿಯವರಿಗೆ ನಿಮ್ಮ ನಕ್ಷೆ ಕಾಣಂಗ ಇಲ್ರಿ. ಕಣ್ಣು ಹೋಗಿ ಆರು ತಿಂಗಳಾತು.”

“ಸುಮ್ಮನಿರ ನೀ,” ಅಜ್ಜಿ ಅಂದರು. “ಮದುವಿ ಹಾರ ಕೇಳವ್ರು ಬರೂದು ಬಿಟ್ಟಾರ. ಇದೊಂದು ಕೆಲಸ ಉಳದೈತಿ, ಅದನ್ನೂ ಕಳಿಬ್ಯಾಡ.”

ಹೊಸರಿತ್ತಿಯ ವಸತಿಶಾಲೆಯಲ್ಲಿ ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಉಂಡು ಬೆಳೆದವನು ನಾನು. ಗೆರೆ ತಪ್ಪಿದ್ದು ಕಂಡಿತ್ತು. ಅಜ್ಜಿಯ ಕಣ್ಣು ಹೋದದ್ದು ಕಂಡಿರಲಿಲ್ಲ.

ನಕ್ಷೆ ಮಡಚಿಟ್ಟೆ. ಅಜ್ಜಿಯ ಬೆರಳು ಹಿಡಿದು ಚೌಕಟ್ಟಿನ ಅಂಚಿನಿಂದ ನಡುವಿಗೆ, ಅಲ್ಲಿಂದ ಎದುರಿನ ಅಂಚಿಗೆ ಒಯ್ದೆ.

“ಹಿಂಗ ಒಳಗ ಬೀಳತಾವ, ನಡುವ ಹಾದು ಆ ಕಡೆ ಹೋಗತಾವ. ನಿಧಾನ ಆಗಿ ಮತ್ತ ತಿರುಗಿ ಬೀಳತಾವ. ಒಂದಕ್ಕೊಂದು ದಾರ ಇಲ್ಲ.”

“ದಾರ ಇಲ್ದ ಚದರಂಗಿಲ್ಲೇನ್ರಿ?”

“ಕಾಣೂದಷ್ಟ ಇದ್ದಿದ್ರ ಚದರಿ ಹೋಗತಿದ್ವು. ಕಾಣಲಾರದ್ದು ಅಲ್ಲಿ ಬಾಳ ಐತಿ. ಅದರ ಸೆಳೆತ ಇವನ್ನ ಹಿಡದೈತಿ.”

ಅಜ್ಜಿ ತಲೆಯಾಡಿಸಿ ಸೂಜಿ ಎತ್ತಿಕೊಂಡರು. ಬೆರಳಿನಿಂದ ಅಳೆದು, ಒಂದೊಂದನ್ನೇ ಇಳಿಬಿಟ್ಟರು.

ಸಂಕ್ರಾಂತಿಗೆ ಮೊದಲೇ ತೀರಿಕೊಂಡರು. ಮಾದರಿ ಇಂದಿಗೂ ಶಾಲೆಯಲ್ಲಿದೆ, ಅದರಲ್ಲಿ ತಪ್ಪಿಲ್ಲ. ಎರಡು ಸಲ ಬಿಚ್ಚಿಸಿದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ. ಕೇಳಲು ಅಂದು ಇಡೀ ದಿನವಿತ್ತು.

ಆ ಸೋಮವಾರ ಸಂಜೆ ಐದಕ್ಕೆ ಅಂಚಿನ ಒಂದು ಏಲಕ್ಕಿ ಉಳಿಯಿತು. ಅಜ್ಜಿ ಅದರ ಜಾಗವನ್ನು ಮುಟ್ಟಿ ನೋಡಿದರು.

“ಇದು ಬಾಳ ದೂರ ಹೋತಲ್ರಿ. ತಿರುಗಿ ಬರತೈತೇನು?”

“ಬರತೈತಿ. ನೂರಾರು ಕೋಟಿ ವರ್ಷ ಹಿಡೀತೈತಿ.”

“ಹಿಡೀಲಿ ಬಿಡ್ರಿ. ನಂದೇನು ಅವಸರಿಲ್ಲ.”

ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದರು.